ದ್ರಾಕ್ಷಿ ಮೀಟರ್‌ನಲ್ಲಿ ಮೂತ್ರ ಅಳೆದ ಕಥೆ

ದ್ರಾಕ್ಷಿಯ ಸಿಹಿ ನೋಡುವ ಮೀಟರ್‌ನಲ್ಲಿ ಮೂತ್ರ ಅಳೆಯುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ‘ಅದು ಸಕ್ಕರೆ ಅಳೆಯೋ ಮೀಟರ್ ಸರ್, ನಿಮಗೇನು ಶುಗರ್ ಬಂದಿದೆಯಾ?’ ಅಂತ. ಈಗ ಪ್ರಾಕ್ಟಿಕಲ್ ಬಂದರೆ ಅವರೇ ಅದನ್ನು ಕೇಳಿಕೊಂಡು ಬರುತ್ತಾರೆ.

ಪಿಯು ಬಯಾಲಜಿ ಹೇಳುವವರಿಗೆ ಹೆನ್ಲೆ ಲೂಪು (ಕಿಡ್ನಿಯೊಳಗಿನ ಕೊಳವೆಯ ತಿರುವು), ಎಡಿಎಚ್ಚು (ನೀರು ಹಿಡಿದಿಟ್ಟುಕೊ ಎಂದು ಕಿಡ್ನಿಗೆ ಹೇಳುವ ಹಾರ್ಮೋನು) ಎಲ್ಲ ಬಾಯಿಪಾಠ, ಅದನ್ನು ಬಿಡೋಣ. ಕಿಡ್ನಿ ದಿನಕ್ಕೆ 180 ಲೀಟರ್ ಸೋಸಿ ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತೆ ಎಂದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ನೀರು ಕುಡಿದ ಮೇಲೆ ಮೂತ್ರ ತೆಳ್ಳಗಾಗುವುದನ್ನು ಅಂಕಿಯಲ್ಲಿ ತೋರಿಸಬೇಕು ಅನ್ನೋದು ನನ್ನ ಹಟ.

ಮೊದಲು ಯೂರಿನೋಮೀಟರ್ ತಂದೆ, ಮೂತ್ರದಲ್ಲಿ ತೇಲಿಬಿಟ್ಟು ಅದು ನೀರಿಗಿಂತ ಎಷ್ಟು ದಟ್ಟ ಅಂತ ನೋಡುವ ಗಾಜಿನ ಕೊಳವೆ. ಎರಡು ಒಡೆದವು, ಸುಮಾರು ಐನೂರು ರೂಪಾಯಿ ನೀರಿಗೆ ಹೋಯ್ತು. ಮೂರನೆಯದು ಉಳಿಯಿತು, ಆದರೆ ಅಂಕಿ ಅಡ್ಡಾದಿಡ್ಡಿ. ಒಂದು ವಾರ ತಲೆ ಕೆಡಿಸಿಕೊಂಡು ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಬಿಟ್ಟು ನೋಡಿದರೆ ಬರೀ ನೀರಿಗೆ ತೋರಿಸಬೇಕಾದ 1.000 ಗೆರೆಯೇ ಮುಳುಗಿತ್ತು! ಅದು 20 ಡಿಗ್ರಿಗೆ ಮಾಡಿದ್ದು, ವಿಜಯಪುರದ ಮಾರ್ಚ್‌ನಲ್ಲಿ ನಮ್ಮ ಲ್ಯಾಬ್ 37-38. ಬಿಸಿಗೆ ನೀರು ತೆಳ್ಳಗಾಗುತ್ತೆ, ಹೆಚ್ಚಾದ ಪ್ರತಿ ಮೂರು ಡಿಗ್ರಿಗೆ 0.001 ಕೂಡಿಸಬೇಕು. ಕೂಡಿಸಿದೆ, ಆದರೂ ಪ್ರತಿ ಸಲ ಸಿಲಿಂಡರ್ ತುಂಬುವಷ್ಟು ಮೂತ್ರ ಎಲ್ಲಿಂದ ತರೋದು?

ತಿಕೋಟಾ ಕಡೆ ಮಾವನ ದ್ರಾಕ್ಷಿ ತೋಟವಿದೆ. ಅವರು ಹಣ್ಣಿಗೆ ಬ್ರಿಕ್ಸ್ (ರಸದಲ್ಲಿ ಶೇಕಡಾ ಎಷ್ಟು ಸಕ್ಕರೆ ಅನ್ನೋ ಅಂಕಿ) ನೋಡುವಾಗ ಹೊಳೆಯಿತು. ಆ ಮೀಟರ್‌ಗೆ ಸಕ್ಕರೆಯೇ ಬೇಕಂತಿಲ್ಲ, ಕರಗಿದ್ದು ಏನಿದ್ದರೂ ಬೆಳಕು ಬಾಗುತ್ತೆ. ಎರಡು ಹನಿ ಸಾಕು. ಮೂತ್ರದಲ್ಲಿ ಬ್ರಿಕ್ಸ್ 5 ಬಂದರೆ ಯೂರಿನೋಮೀಟರಿನ ಹೆಚ್ಚುಕಡಿಮೆ 1.020 ಅಂತ ಲೆಕ್ಕ. ಶುಗರ್ ಇರುವವರ ಮೂತ್ರದಲ್ಲಿ ಗ್ಲೂಕೋಸ್ ಇದ್ದರೆ ಅಂಕಿ ಸುಳ್ಳೇ ಏರುತ್ತೆ, ಅವರನ್ನು ಬಿಡಿ. ಪ್ರತಿ ಸಲ ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ತರಬೇಕು, ನಮ್ಮ ಬಿಸಿಲಿಗೆ ಮೀಟರ್ ತಾನೇ ಮಾಡಿಕೊಳ್ಳುವ ಬಿಸಿಯ ಹೊಂದಾಣಿಕೆ ಸಾಲದು.

ಪ್ರಯೋಗ ನನ್ನ ಮೇಲೇ. ಬೆಳಿಗ್ಗೆ ಮೊದಲ ಮೂತ್ರದ ಬ್ರಿಕ್ಸ್ 6ರ ಮೇಲೆ. ಒಂದು ಲೀಟರ್ ನೀರು ಹತ್ತು ನಿಮಿಷದಲ್ಲಿ ಕುಡಿದೆ. ಮೊದಲ ಅರ್ಧ ತಾಸು ಏನೂ ಇಲ್ಲ, ಕೆಟ್ಟಿತು ಅಂದುಕೊಂಡೆ. ನೀರು ರಕ್ತಕ್ಕೆ ಸೇರಬೇಕು, ಮೊದಲೇ ಓಡಾಡುತ್ತಿರುವ ಎಡಿಎಚ್ ಕರಗಬೇಕು, ಅಷ್ಟು ಹೊತ್ತು ಬೇಕೇ ಬೇಕು ಅಲ್ವಾ. ಒಂದು ತಾಸಿಗೆ 1ಕ್ಕಿಂತ ಕೆಳಗೆ! ಆಗ ಅರ್ಧ ತಾಸಿನಲ್ಲೇ ಮುನ್ನೂರು ಎಂಎಲ್ ಮೇಲೆ ಬಂತು, ಥೇಟ್ ನೀರಿನ ಬಣ್ಣ. ಮೂರು ತಾಸಿಗೆ ಮತ್ತೆ 3-4.

ಮರುವಾರ ಅಷ್ಟೇ ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುಡಿದೆ. ವಾಕರಿಕೆ ಬಂತು, ಬಿಪಿ ಇದ್ದವರು ಇದರ ತಂಟೆಗೆ ಹೋಗಬೇಡಿ. ರಕ್ತದಷ್ಟೇ ಉಪ್ಪಿನ ನೀರು ಹೋದರೆ ಎಡಿಎಚ್‌ಗೆ ನಿಲ್ಲಲು ಕಾರಣವೇ ಸಿಗಲ್ಲ. ಎರಡು ತಾಸಾದರೂ ಒಂದು ಲೋಟ ದಾಟಲಿಲ್ಲ, ಬ್ರಿಕ್ಸ್ 4ರ ಕೆಳಗೆ ಇಳಿಯಲೂ ಇಲ್ಲ. ಕ್ಲಾಸಿನಲ್ಲಿ ಎರಡೂ ಗ್ರಾಫ್ ಪಕ್ಕಪಕ್ಕ ಹಾಕಿದ ದಿನ ಹಿಂದಿನ ಬೆಂಚಿನವರೂ ಎದ್ದು ಬಂದು ನೋಡಿದರು.

ಸುಮ್ನೆ ಇರಲಾಗದೆ ಮಾವನ ಆಡಿನದ್ದೂ ಹಿಡಿದು ನೋಡಿದೆ, ಮಧ್ಯಾಹ್ನ ಬ್ರಿಕ್ಸ್ 9ರ ಹತ್ತಿರ. ಅದು ತೋಟದಲ್ಲೇ ಆಗಿದ್ದರಿಂದ ವಿಷಯ ಮಾವನಿಗೆ ಗೊತ್ತಾಯಿತು. ಎಷ್ಟು ತೊಳೆದು ಕೊಟ್ಟರೂ ಮೀಟರ್ ಮುಟ್ಟಲಿಲ್ಲ. 1,200 ರೂಪಾಯಿ ಕೊಟ್ಟು ಅವರಿಗೆ ಹೊಸದು ತಂದುಕೊಟ್ಟೆ, ಹಳೆಯದು ಈಗ ಲ್ಯಾಬ್‌ನಲ್ಲಿದೆ.