ಗುಲ್ಬರ್ಗ ಕಲಬುರಗಿಯಾಗುವಾಗ ವಿಭಕ್ತಿ ಕೆಡದಿರಲಿ

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಹಳೆಯ ಕಡತಗಳನ್ನು ತಿದ್ದಲು ಕೂತವರು ವರ್ಡ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿ, ‘ರಿಪ್ಲೇಸ್ ಆಲ್’ ಕ್ಲಿಕ್ಕಿಸಿ ಎದ್ದುಬಿಡುತ್ತಾರೆ. ಬಿಜಾಪುರಕ್ಕೆ ಇದು ನಡೆಯುತ್ತದೆ. ‘ಬಿಜಾಪುರಕ್ಕೆ’ ಇದ್ದಲ್ಲಿ ‘ವಿಜಯಪುರಕ್ಕೆ’ ಬಂದು ಕೂರುತ್ತದೆ, ಏಕೆಂದರೆ ಎರಡರ ಕೊನೆಯೂ ‘ಪುರ’. ಗುಲ್ಬರ್ಗ ಹಾಗಲ್ಲ. ಅಕಾರಾಂತ ಪದ ಹೋಗಿ ಇಕಾರಾಂತ ಬಂದಾಗ ಪ್ರತ್ಯಯವೂ ಬದಲಾಗಬೇಕು. ಇಲ್ಲದಿದ್ದರೆ ‘ಕಲಬುರಗಿದಲ್ಲಿ’, ‘ಕಲಬುರಗಿಕ್ಕೆ’ ಎಂದು ಅಚ್ಚಾಗುತ್ತದೆ.

ಮೊದಲು ಕಡತದ ಇನ್ನೊಂದು ಪ್ರತಿ ಉಳಿಸಿ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿ. ಕೆಲವು ಪರಿವರ್ತಕಗಳು ಅರ್ಕಾವೊತ್ತನ್ನು ಅಡ್ಡಾದಿಡ್ಡಿ ಕೂರಿಸುತ್ತವೆ. ‘ಗುಲ್ಬರ್ಗ’ದಲ್ಲೇ ಅದು ಇರುವುದರಿಂದ ಒಂದು ಪುಟವನ್ನು ಕಣ್ಣಾರೆ ಓದಿ ನೋಡಿ.

ನಂತರ ಕಾಗುಣಿತವನ್ನು ಒಂದೇ ರೂಪಕ್ಕೆ ತನ್ನಿ. ಒಂದೇ ಕಡತದಲ್ಲಿ ಗುಲ್ಬರ್ಗ, ಗುಲ್ಬರ್ಗಾ, ಗುಲಬರ್ಗ, ಗುಲಬರ್ಗಾ ಎಲ್ಲವೂ ಇರಬಹುದು. ದೀರ್ಘವಿರುವುದನ್ನು ಮೊದಲು ಹ್ರಸ್ವ ಮಾಡಿ, ಆಮೇಲೆ ‘ಗುಲಬರ್ಗ’ವನ್ನು ‘ಗುಲ್ಬರ್ಗ’ ಮಾಡಿ. ದೀರ್ಘವನ್ನು ಹಾಗೇ ಬಿಟ್ಟು ಹೆಸರು ಬದಲಿಸಿದರೆ ದೀರ್ಘದ ಚಿಹ್ನೆಯೊಂದು ಪದದ ಬಾಲದಲ್ಲಿ ಅನಾಥವಾಗಿ ಉಳಿಯಬಹುದು.

ಊರಿನ ಹೆಸರು ಬದಲಾದಾಗ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಬದಲಾಗಲಿಲ್ಲ. ಹಾಗಾಗಿ ‘ಗುಲ್ಬರ್ಗ ವಿಶ್ವವಿದ್ಯಾಲಯ’ವನ್ನು ತಾತ್ಕಾಲಿಕವಾಗಿ ‘## ವಿಶ್ವವಿದ್ಯಾಲಯ’ ಮಾಡಿಡಿ. ಎಲ್ಲ ಮುಗಿದ ಮೇಲೆ ## ಇದ್ದಲ್ಲಿ ‘ಗುಲಬರ್ಗಾ’ ಹಾಕಿದರಾಯಿತು.

ಈಗ ನಿಜವಾದ ಕೆಲಸ. ಪ್ರತ್ಯಯವಿರುವ ರೂಪಗಳು ಮೊದಲು, ಬರಿಯ ಹೆಸರು ಕಟ್ಟಕಡೆಗೆ. ‘ಗುಲ್ಬರ್ಗಕ್ಕೆ’ ಹುಡುಕಿ ‘ಕಲಬುರಗಿಗೆ’ ಮಾಡಿ. ‘ಗುಲ್ಬರ್ಗದಿಂದ’ ಎಂಬುದು ‘ಕಲಬುರಗಿಯಿಂದ’ ಆಗಲಿ. ಆಮೇಲೆ ‘ಗುಲ್ಬರ್ಗದ’ ಹುಡುಕಿ ‘ಕಲಬುರಗಿಯ’ ಹಾಕಿ. ಇದೊಂದರಲ್ಲೇ ‘ಗುಲ್ಬರ್ಗದಲ್ಲಿ’, ‘ಗುಲ್ಬರ್ಗದವರು’ ಕೂಡ ಸರಿಹೋಗುತ್ತವೆ. ‘ಗುಲ್ಬರ್ಗವನ್ನು’, ‘ಗುಲ್ಬರ್ಗವೂ’, ‘ಗುಲ್ಬರ್ಗವೇ’ ಇದ್ದಲ್ಲಿ ‘ವ’ಕಾರ ಹೋಗಿ ‘ಯ’ಕಾರ ಬರಬೇಕು. ಇಷ್ಟಾದ ಮೇಲೆ ‘ಗುಲ್ಬರ್ಗ’. ಈ ಕೊನೆಯ ಸುತ್ತಿನಲ್ಲಿ ‘ರಿಪ್ಲೇಸ್ ಆಲ್’ ಬೇಡವೇ ಬೇಡ. ‘ಫೈಂಡ್ ನೆಕ್ಸ್ಟ್’ ಒತ್ತುತ್ತಾ, ವಾಕ್ಯ ಓದಿ, ಒಂದೊಂದನ್ನೇ ಬದಲಿಸಿ. ಯಾರದೋ ಹೇಳಿಕೆಯನ್ನು ಉದ್ಧರಿಸಿದ ಕಡೆ, ಹಳೆಯ ಪುಸ್ತಕದ ಶೀರ್ಷಿಕೆಯಲ್ಲಿ ಹಳೆಯ ಹೆಸರೇ ಇರಬೇಕು.

‘ಫೈಂಡ್ ಹೋಲ್ ವರ್ಡ್ಸ್ ಓನ್ಲಿ’ ಆಯ್ಕೆಗೆ ಟಿಕ್ ಹಾಕಬೇಡಿ. ಇಂಗ್ಲಿಷಿಗೆ ಅದು ಒಳ್ಳೆಯದು. ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅರ್ಧಕ್ಕರ್ಧ ರೂಪಗಳು ಕೈತಪ್ಪುತ್ತವೆ.

ಕಣ್ಣೆದುರಿಗಿರುವ ಪದ ಹುಡುಕಿದರೆ ಸಿಗುತ್ತಿಲ್ಲವೇ? ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಟೈಪಾಗಿರಬಹುದು (ನೋಟಕ್ಕೆ ಎರಡೂ ಒಂದೇ), ಇಲ್ಲವೇ ಒತ್ತಕ್ಷರ ಬಿಡಿಸುವ ಕಾಣದ ಅಕ್ಷರವೊಂದು ನಡುವೆ ಕೂತಿರಬಹುದು. ಮತ್ತೆ ಮತ್ತೆ ಟೈಪಿಸಿ ಪ್ರಯೋಜನವಿಲ್ಲ. ಕಡತದಲ್ಲಿರುವ ಆ ಪದವನ್ನೇ ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಪೇಸ್ಟ್ ಮಾಡಿ.

ಓಡಾಟಕ್ಕೆ ಮೌಸ್ ಚಕ್ರ ತಿರುಗಿಸುತ್ತಾ ಕೂರಬೇಡಿ: ಪುಟಕ್ಕೆ ಹಾರಲು ಕಂಟ್ರೋಲ್-ಜಿ, ಕೊನೆಯದಾಗಿ ತಿದ್ದಿದ ಜಾಗಕ್ಕೆ ಮರಳಲು ಶಿಫ್ಟ್-ಎಫ್5.

ಮುಗಿಸುವ ಮುನ್ನ ಕಂಟ್ರೋಲ್-ಎಫ್ ಒತ್ತಿ ‘ಕಲಬುರಗಿದ’, ‘ಕಲಬುರಗಿಕ್ಕೆ’, ‘ಕಲಬುರಗಿವ’ ಹುಡುಕಿ. ಮೂರಕ್ಕೂ ಒಂದೂ ಫಲಿತಾಂಶ ಬರದಿದ್ದರೆ ಕಡತವನ್ನು ಮುದ್ರಣಕ್ಕೆ ಕಳಿಸಬಹುದು.