15ನೇ ತಾರೀಕಿಗೆ ಮೊದಲೇ ಕಾರ್ಡ್ ಕಟ್ಟಿ ಸ್ಕೋರ್ ಏರಿಸಿದೆ: ನನ್ನ ಅನುಭವ

ಅಂಗಡಿ ನಡೆಸೋರಿಗೆ ಹೇಳ್ತಿದ್ದೇನೆ. ದಾವಣಗೆರೆಯಲ್ಲಿ ನನ್ನದು ಮೊಬೈಲ್ ಸಾಮಾನಿನ ಅಂಗಡಿ, ಸರಕು ಓಡುವುದು ಕ್ರೆಡಿಟ್ ಕಾರ್ಡ್‌ಗಳ ಮೇಲೆ. 1 ಲಕ್ಷದ ಲಿಮಿಟ್‌ನಲ್ಲಿ ಯಾವಾಗ ನೋಡಿದರೂ 70–80 ಸಾವಿರ ಬಳಸಿರುತ್ತೇನೆ. ಒಂದು ಬಿಲ್ಲೂ ತಪ್ಪಿಸಿದವನಲ್ಲ, ಆದರೂ ಸಿಬಿಲ್ ಸ್ಕೋರ್ (ಸಾಲ ಕೊಡುವ ಮುಂಚೆ ಬ್ಯಾಂಕ್ ನೋಡೋ ಅಂಕ) 690ರ ಹತ್ತಿರವೇ ಕೂತಿತ್ತು. ಲಿಮಿಟ್‌ನ ಬಹುಪಾಲು ಬಳಸಿದಂತೆ ಕಂಡರೆ ಸ್ಕೋರ್ ಏರೋದು ಕಷ್ಟ.

2025ರ ಜನವರಿಯಿಂದ ಆರ್‌ಬಿಐ ನಿಯಮ ಬದಲಾಯಿತಲ್ವಾ? ಆಗ ಬ್ಯಾಂಕುಗಳು 15ನೇ ತಾರೀಕಿನದೊಂದು, ತಿಂಗಳ ಕೊನೆಯ ದಿನದ್ದೊಂದು, ಹೀಗೆ ಎರಡು ಲೆಕ್ಕವನ್ನು ಬ್ಯೂರೋಗೆ (ಸಿಬಿಲ್‌ನಂಥ, ಸಾಲದ ಲೆಕ್ಕ ಇಟ್ಟು ಸ್ಕೋರ್ ಕೊಡುವ ಸಂಸ್ಥೆ) ಕಳಿಸಬೇಕಿತ್ತು. ಕಳಿಸೋಕೆ ಅವರಿಗೆ 7 ದಿನ, ಸೇರಿಸಿಕೊಳ್ಳೋಕೆ ಬ್ಯೂರೋಗೆ 5 ದಿನ ಇತ್ತು. ಹಾಗಾದರೆ ಆ ಎರಡು ದಿನ ಬಾಕಿ ಕಡಿಮೆ ತೋರಿಸಿದರೆ ಸಾಕು ಅಂದೆ. ಲೋನ್ ಏಜೆಂಟ್ ಒಬ್ಬರು, "ಸುಮ್ನೆ ಇರಿ ಸಾರ್, 8 ಸಾವಿರ ಕೊಡಿ, ನಾನೇ ಏರಿಸಿಕೊಡ್ತೀನಿ" ಅಂದರು. ಕೊಡಲಿಲ್ಲ.

12–13ಕ್ಕೆ 50 ಸಾವಿರ ಕಟ್ಟೋದು, 16ಕ್ಕೆ ಮತ್ತೆ ಅದೇ ಕಾರ್ಡಲ್ಲಿ ಸರಕು ಎತ್ತೋದು. ತಿಂಗಳ ಕೊನೆಗೂ ಹೀಗೇ. ಮೊದಲೆರಡು ತಿಂಗಳು ಕೈಯಲ್ಲಿ ಕಾಸೇ ಇರಲಿಲ್ಲ, ಚೀಟಿ ದುಡ್ಡು ಎತ್ತಿ ಹೊಂದಿಸಿದೆ. ಒಂದು ಕಾರ್ಡಂತೂ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ರಿಪೋರ್ಟ್ ತೆಗೆದು ನೋಡಿದರೆ ಅದರಲ್ಲಿ ಬರುತ್ತಿದ್ದುದು ಬಿಲ್ ಆದ ಮೊತ್ತ, ಆ ದಿನದ ಬಾಕಿ ಅಲ್ಲ. ಅದಕ್ಕೆ ಬಿಲ್ ಆಗುವ ಹಿಂದಿನ ದಿನವೇ ಕಟ್ಟೋಕೆ ಶುರುಮಾಡಿದೆ. ನಾಲ್ಕೈದು ತಿಂಗಳಲ್ಲಿ ಸ್ಕೋರ್ 740 ದಾಟಿತು.

ಇನ್ನೊಂದು ತಲೆನೋವು, ತೀರಿಸಿದ ಬೈಕ್ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿತ್ತು. ಬ್ಯೂರೋದಲ್ಲಿ ದೂರು ಕೊಟ್ಟೆ. ಸಾಲ ಕೊಟ್ಟವರು "ಮಾಹಿತಿ ಸರಿಯಾಗಿದೆ" ಅಂತ ಮುಚ್ಚಿಸಿಬಿಟ್ಟರು. ಎನ್‌ಒಸಿ (ಸಾಲ ತೀರಿದೆ ಅನ್ನೋ ಪತ್ರ), ಲೋನ್ ಸ್ಟೇಟ್‌ಮೆಂಟ್ ಎರಡನ್ನೂ ಹಾಕಿ ಮತ್ತೆ ಕೊಟ್ಟೆ. ದೂರು ಕೊಟ್ಟ 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಈ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನೂ, ಆರ್‌ಬಿಐನ ಓಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗ್ತೀನಿ ಅನ್ನೋದನ್ನೂ ಮೇಲ್‌ನಲ್ಲಿ ಹಾಕಿದೆ. ಯಾರಿಗೆ, ಯಾವ ಕ್ರಮದಲ್ಲಿ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸಾಲ 'ಕ್ಲೋಸ್ಡ್' ಆಯಿತು, ಸಾವಿರದ ಚಿಲ್ಲರೆ ರೂಪಾಯಿ ಖಾತೆಗೂ ಬಂತು!

ಮಧ್ಯೆ ಬೇರೆ ಬ್ಯೂರೋಗಳಾದ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ರಿಪೋರ್ಟುಗಳನ್ನೂ ತೆಗೆದೆ. ವರ್ಷಕ್ಕೊಂದು ಪುಕ್ಕಟೆ, ನಮ್ಮ ರಿಪೋರ್ಟ್ ನಾವು ನೋಡಿದರೆ ಸ್ಕೋರ್ ಇಳಿಯಲ್ಲ. ಸಿಬಿಲ್‌ಗೂ ಇವುಗಳಲ್ಲೊಂದಕ್ಕೂ 30 ಪಾಯಿಂಟ್ ವ್ಯತ್ಯಾಸ. ಆ ಬೈಕ್ ಸಾಲ ಅಲ್ಲಿ ಹಾಗೇ ಇತ್ತು, ಅಲ್ಲಿಗೂ ಬೇರೆ ದೂರು ಕೊಡಬೇಕಾಯಿತು.

ಈಗ 765ರ ಆಸುಪಾಸು ಇದೆ. ಮನೆ ಸಾಲಕ್ಕೆ ಕೇಳಿದಾಗ ಹಳೇ ಸ್ಕೋರಿಗೆ ಹೇಳಿದ್ದ ಬಡ್ಡಿಗಿಂತ ಸುಮಾರು ಅರ್ಧ ಪರ್ಸೆಂಟ್ ಕಡಿಮೆ ಹೇಳಿದರು. ಅದರಲ್ಲಿ ಸ್ವಲ್ಪ ರೆಪೋ ದರ (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ) ಇಳಿದದ್ದಕ್ಕೆ, ಉಳಿದದ್ದು ನನ್ನ ಸ್ಕೋರಿಗೆ. ಮುಂದಿನ ವಾರ ಸಹಿ ಹಾಕುತ್ತಿದ್ದೇನೆ.