ಮೂಟೆ ಎತ್ತೋದು ಕಲಿಸುವ ಮುಂಚೆ ಇದನ್ನು ಮಾಡಿಸಿ
ಗೋಡೌನಿಗೆ ಹೊಸ ಹುಡುಗರು ಬಂದರೆ ಸುಮ್ನೆ ಭಾಷಣ ಬೇಡ, ಕೈಗೆ 5 ಕೆಜಿ ಅಕ್ಕಿ ಚೀಲ ಕೊಡಿ. ಮೊದಲು ಹೊಟ್ಟೆಗೆ ಒತ್ತಿ ಹಿಡಿದು ಇಪ್ಪತ್ತು ಎಣಿಸಲಿ, ಆಮೇಲೆ ಕೈ ಪೂರ್ತಿ ಚಾಚಿ ಎಣಿಸಲಿ. ಈ ಸಲ ಬೇಗ ತೋಳು ಸೋಲುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಭಾರ ಅದೇ ಅಲ್ವಾ? ಆದರೆ ಅದು ಬೆನ್ನುಮೂಳೆಯಿಂದ ಎರಡರಷ್ಟು ದೂರ ಹೋದರೆ ಸೊಂಟದ ಮೇಲೆ ಆ ಭಾರದ ಎಳೆತವೂ ಎರಡರಷ್ಟಾಗುತ್ತದೆ. "ಮೈಗೆ ಒತ್ತಿ ಹಿಡಿ, ಸೊಂಟ ತಿರುಚಬೇಡ, ಕಾಲು ಎತ್ತಿಟ್ಟು ತಿರುಗು" ಅನ್ನುವ ಮಾತು ಆಗ ತಲೆಗೆ ಹತ್ತುತ್ತದೆ. ಬೆಂಗಳೂರಿನ ಯಶವಂತಪುರ ಮಾರುಕಟ್ಟೆ ಯಾರ್ಡಿನ 50 ಕೆಜಿ ಮೂಟೆಗೆ ಮಾತ್ರ ಇಷ್ಟೇ ಸಾಲದು. ಇಬ್ಬರು ಬೇಕು, ಇಲ್ಲವೇ ತಳ್ಳುಗಾಡಿ. ಲಾರಿಯ ಒಳಮೂಲೆಯಲ್ಲಿದ್ದರೆ ಮೊದಲು ಅಂಚಿಗೆ ಎಳೆದುಕೊಳ್ಳಿ, ಆಮೇಲೆ ಎತ್ತಿ. ಈಗಾಗಲೇ ಸೊಂಟ ನೋವಿರುವವರಿಗೆ ಕೈ ಚಾಚಿಸಬೇಡಿ.